ಬಯಲುನಾಡಿನ ಮಕ್ಕಳೂ ಸಮುದ್ರವರ್ಣನೆಯೂ

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಅಂಗವೆಂದು ಆಲಂಕಾರಿಕರು ವಿಧಿಸಿದ್ದಾರೆ. ದಂಡಿಯ ‘ಕಾವ್ಯಾದರ್ಶ’ದ ಎಣಿಕೆಯಲ್ಲಿ ಮೊದಲನೆಯದು ನಗರ, ಎರಡನೆಯದು ಅರ್ಣವ, ಮೂರನೆಯದು ಶೈಲ. ಎಂದರೆ ಪರ್ವತಕ್ಕೂ ಋತುಗಳಿಗೂ ಸೂರ್ಯಚಂದ್ರರ ಉದಯಕ್ಕೂ ಮುಂಚೆ ಕಡಲು ಬರುತ್ತದೆ. ಈ ವಿಧಿಯನ್ನು ಕನ್ನಡ ಕವಿಗಳು ಆದರದಿಂದ ಪಾಲಿಸಿದರು. ಆದರೆ ಅವರು ಬಾಳಿದ ನೆಲಗಳನ್ನು ಒಂದೊಂದಾಗಿ ನೆನೆದರೆ ಕುತೂಹಲದ ಸಂಗತಿಯೊಂದು ಹೊಳೆಯುತ್ತದೆ. ‘ಕವಿರಾಜಮಾರ್ಗ’ ಹುಟ್ಟಿದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಪಂಪನಿಗೆ ಆಶ್ರಯವಿತ್ತ ವೇಮುಲವಾಡ ತೆಲಂಗಾಣದ ಒಳನಾಡು. ರನ್ನನ ಮುಧೋಳ, ಹರಿಹರ ರಾಘವಾಂಕರ ಹಂಪೆ, ಕುಮಾರವ್ಯಾಸನ ಗದಗು, ಇವುಗಳಲ್ಲಿ ಯಾವುದಕ್ಕೂ ಕಡಲ ಗಾಳಿ ತಾಕುವುದಿಲ್ಲ. ಮೂಡುಬಿದಿರೆಯ ರತ್ನಾಕರವರ್ಣಿಯಂಥವರು ವಿರಳ. ಆದರೂ ‘ಆದಿಪುರಾಣ’ದಲ್ಲಿ ಭರತ ಚಕ್ರವರ್ತಿಯ ಸೇನೆ ಮೂಡಣ ಕಡಲ ತಡಿಗೆ ಬಂದು ನಿಲ್ಲುತ್ತದೆ, ಚಕ್ರಿಯ ಬಾಣ ನೀರಿನ ಮೇಲೆ ಹಾರಿ ಮಾಗಧದೇವನ ನೆಲೆಯನ್ನು ಮುಟ್ಟುತ್ತದೆ. ಕಡಲಿಲ್ಲದ ನಾಡಿನ ಸಾಹಿತ್ಯದಲ್ಲಿ ಕಡಲು ತುಂಬಿಕೊಂಡಿದೆ.

ಹಾವೇರಿ, ಗದಗು, ಧಾರವಾಡ ಸೀಮೆಯ ಶಾಲೆಗಳಲ್ಲಿ ಕಲಿಯುವ ಮಕ್ಕಳ ಸ್ಥಿತಿಯೂ ಇದೇ. ಸಮುದ್ರಕ್ಕೆ ಸಮಾನಾರ್ಥಕ ಪದಗಳನ್ನು ಬರೆಯಿರೆಂದರೆ ಏಳನೆಯ ತರಗತಿಯ ಹುಡುಗಿ ತಡೆಯಿಲ್ಲದೆ ಹತ್ತನ್ನು ಬರೆಯಬಲ್ಲಳು. ಜಲಧಿ, ವಾರಿಧಿ, ಅಂಬುಧಿ, ಪಯೋಧಿ ಎಂಬಲ್ಲಿ ನೀರಿನ ಹೆಸರು ಬದಲಾಗುತ್ತದೆಯೇ ಹೊರತು ‘ಧಿ’ ಬದಲಾಗುವುದಿಲ್ಲ. ‘ಧಿ’ ಎಂದರೆ ಇರಿಸಿಕೊಳ್ಳುವ ಎಡೆ. ಇದನ್ನು ತಿಳಿದವರಿಗೆ ಹತ್ತಲ್ಲ, ಇಪ್ಪತ್ತು ಹೆಸರು ಕಟ್ಟುವುದೂ ಕಷ್ಟವಲ್ಲ. ಆದರೆ ಅದೇ ಹುಡುಗಿಯನ್ನು, ಕಡಲಿಗೆ ಏರಿ ಉಂಟೇ, ಕೋಡಿ ಉಂಟೇ ಎಂದು ಕೇಳಿದರೆ ಒಂದು ಗಳಿಗೆ ಯೋಚಿಸುತ್ತಾಳೆ. ಆ ಯೋಚನೆ ಸಹಜವಾದುದು. ಅವಳು ಕಂಡಿರುವ ದೊಡ್ಡ ನೀರೆಂದರೆ ಊರ ಕೆರೆ. ಅದಕ್ಕೆ ಮೂರು ಕಡೆ ದಡ, ಒಂದು ಕಡೆ ಏರಿ, ನೀರು ಬಿಡಲು ತೂಬು, ಹೆಚ್ಚಾದುದು ಹರಿಯಲು ಕೋಡಿ. ಕಡಲನ್ನು ಅವಳು ಪದಗಳಲ್ಲಿ ಕಲಿತಿದ್ದಾಳೆ, ಕೆರೆಯ ಅಳತೆಯಲ್ಲಿ ಊಹಿಸಿದ್ದಾಳೆ. ಒಂದು ದಿನದ ಕಡಲಯಾತ್ರೆಗೆ ಶಾಲೆಯ ಪಾಠದ ಗೌರವ ಸಲ್ಲಬೇಕಾದುದು ಈ ಕಾರಣದಿಂದ.

ಹಾವೇರಿಯಿಂದ ಹಾನಗಲ್ಲು, ಶಿರಸಿಗಳ ಮೇಲೆ ದೇವಿಮನೆ ಘಟ್ಟವನ್ನಿಳಿದು ಕುಮಟೆಗೆ ಸುಮಾರು 140 ಕಿಲೋಮೀಟರ್ ದಾರಿ. ನಸುಕಿನ ನಾಲ್ಕಕ್ಕೆ ಹೊರಟ ಮೋಟಾರು ಒಂಬತ್ತರ ಒಳಗೆ ಕಡಲ ಸೀಮೆಯಲ್ಲಿರುತ್ತದೆ. ಮಠದ ಪ್ರಸಾದನಿಲಯದ ಮಕ್ಕಳಾದರೆ ಹಿಂದಿನ ರಾತ್ರಿಯೇ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ ಸಿದ್ಧವಾಗಿರುತ್ತವೆ. ಹಿಂದಿನ ತಲೆಮಾರಿನವರಿಗೆ ಇದು ಸುಲಭವಾಗಿರಲಿಲ್ಲ. ಚಕ್ಕಡಿ ಹೂಡಿಕೊಂಡು ಉಳವಿಯ ಜಾತ್ರೆಗೆ ಹೋಗಿ ಚೆನ್ನಬಸವಣ್ಣನವರ ಸನ್ನಿಧಿಗೆ ಮಣಿದು ಬಂದ ಹಿರಿಯರು ಈ ಸೀಮೆಯಲ್ಲಿ ಮನೆಮನೆಗೂ ಇದ್ದರು. ಅಲ್ಲಿಂದ ಕಡಲು ಬಹಳ ದೂರವಿರಲಿಲ್ಲ. ಆದರೆ ಎತ್ತುಗಳ ಮೋರೆ ಊರ ಕಡೆಗೆ ತಿರುಗುತ್ತಿತ್ತು. ಹೊಲದ ಕೆಲಸ ಕಾದಿರುತ್ತಿತ್ತು. ಬದುಕಿನುದ್ದಕ್ಕೂ ಕಡಲನ್ನು ಕಾಣದೆ ಹೋದವರ ಸಂಖ್ಯೆಯೇ ಹೆಚ್ಚು.

ದಾರಿಯಲ್ಲಿ ನಿದ್ರಿಸುವ ಮಕ್ಕಳನ್ನು ಶಿರಸಿಯಲ್ಲಿ ಎಬ್ಬಿಸಬೇಕು. ಅಲ್ಲಿ ನೋಡತಕ್ಕ ಕಟ್ಟಡವಿದೆಯೆಂದಲ್ಲ. ನೀರು ಇಬ್ಭಾಗವಾಗುವುದು ಆ ಆಸುಪಾಸಿನಲ್ಲಿ. ಹಾವೇರಿ ಸೀಮೆಗೆ ನೀರು ತರುವ ವರದೆ ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ, ಪಂಪನು ಮನಸಾರ ಕೊಂಡಾಡಿದ ಬನವಾಸಿಯನ್ನು ಬಳಸಿ, ಈಶಾನ್ಯಕ್ಕೆ ಹರಿದು ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. ಶಿರಸಿಯ ಶಂಕರಹೊಂಡ ಅಘನಾಶಿನಿಯ ಒಂದು ಮೂಲವೆಂದು ಪ್ರಸಿದ್ಧ. ಆ ನದಿ ಪಡುವಣಕ್ಕೆ ತಿರುಗಿ, ಉಂಚಳ್ಳಿಯಲ್ಲಿ ಧುಮುಕಿ, ಯಾವ ಅಣೆಕಟ್ಟಿನ ತಡೆಯೂ ಇಲ್ಲದೆ ತದಡಿಯ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ. ಈ ಎರಡು ನದಿಗಳ ನಡುವಣ ಏಣಿನ ಮೇಲೆ ಬಿದ್ದ ಒಂದೇ ಮಳೆಯ ಎರಡು ಹನಿಗಳಲ್ಲಿ ಒಂದು ಪಡುಗಡಲಿಗೂ ಇನ್ನೊಂದು ಮೂಡುಗಡಲಿಗೂ ಹೋಗಬಲ್ಲುದು. ಭೂಗೋಳದ ಪುಸ್ತಕದಲ್ಲಿ ‘ಜಲವಿಭಾಜಕ’ ಎಂಬ ಕಠಿಣ ಪದದಿಂದ ಹೇಳುವುದನ್ನು ಇಲ್ಲಿ ಕಿಟಕಿಯಿಂದಲೇ ತೋರಿಸಬಹುದು.

ಮಳೆಯ ವ್ಯತ್ಯಾಸವೂ ಕಣ್ಣಿಗೆ ಕಾಣುವಂಥದು. ಹಾವೇರಿಯ ಬಯಲಿಗೆ ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ. ಘಟ್ಟದ ಕೆಳಗೆ ಅದು 3500ನ್ನು ಮುಟ್ಟುತ್ತದೆ. ಹತ್ತಿ, ಮೆಕ್ಕೆಜೋಳದ ಹೊಲಗಳು ಮುಗಿದು ಅಡಕೆಯ ತೋಟ ಬರುತ್ತದೆ, ತೋಟ ಮುಗಿದು ಕಾಡು ಬರುತ್ತದೆ. ದೇವಿಮನೆಯ ತಿರುವುಗಳನ್ನಿಳಿಯುವಾಗ ಕಿವಿ ಗುಂಯ್ಗುಡುತ್ತದೆ. ಗಾಳಿಗೆ ತೇವ ಬಂದು ಅಂಗಿ ಮೈಗೆ ಅಂಟುತ್ತದೆ. ಕಾಡಿನಲ್ಲಿ ನೆಲ್ಲಿಯ ಮರಗಳಿವೆ. ಈ ನೆಲ್ಲಿಯನ್ನು ನೆನಪಿಟ್ಟುಕೊಳ್ಳಬೇಕು. ಅದರ ಕೆಲಸ ಮುಂದಿದೆ.

ಯಾತ್ರೆಗೆ ಹೊರಟವರೆಲ್ಲರೂ ಮಾಡುವುದೇನೆಂದರೆ, ಇಳಿದೊಡನೆ ಮಳಲ ದಂಡೆಗೆ ಓಡುವುದು. ಪಾಠದ ದೃಷ್ಟಿಯಿಂದ ಇದು ಸರಿಯಾದ ಕ್ರಮವಲ್ಲ. ಮೊದಲು ನೋಡತಕ್ಕುದು ಅಘನಾಶಿನಿಯ ಅಳಿವೆ, ಗೋಕರ್ಣಕ್ಕೆ ಸಮೀಪದ ಸಾಣಿಕಟ್ಟಾ. ಕೆರೆಯನ್ನು ಬಲ್ಲ ಮಗುವಿಗೆ ಗುರುತು ಸಿಗುವುದು ಅಲ್ಲಿ. ಅಳಿವೆಯ ಎರಡೂ ಬದಿ ‘ಗಜನಿ’ ಎಂಬ ತಗ್ಗು ಗದ್ದೆಗಳಿವೆ. ಅವುಗಳ ಸುತ್ತ ಒಡ್ಡು, ಒಡ್ಡಿನಲ್ಲಿ ನೀರಿನ ಬಾಗಿಲು. ಇದು ಏರಿಯೂ ತೂಬೂ ಅಲ್ಲವೇ ಎಂದು ಮಗು ತಾನಾಗಿಯೇ ಕೇಳುತ್ತದೆ. ಹೌದು, ಆದರೆ ಕೆರೆಯ ಏರಿ ನೀರನ್ನು ಒಳಗೆ ನಿಲ್ಲಿಸುವುದಕ್ಕೆ, ಗಜನಿಯ ಒಡ್ಡು ನೀರನ್ನು ಹೊರಗೆ ನಿಲ್ಲಿಸುವುದಕ್ಕೆ. ಮಳೆಗಾಲದಲ್ಲಿ ಸಿಹಿನೀರು ಬಂದು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಅಲ್ಲಿ ‘ಕಗ್ಗ’ವೆಂಬ ಭತ್ತವನ್ನು ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವ ತಳಿ ಅದು. ಕೊಯ್ಲಾದ ಮೇಲೆ ಬಾಗಿಲು ತೆರೆದು ಕಡಲನ್ನು ಗದ್ದೆಗೆ ಬಿಡುತ್ತಾರೆ. ಗದ್ದೆ ಮೀನು ಸಿಗಡಿಗಳ ಮನೆಯಾಗುತ್ತದೆ. ಒಕ್ಕಲುತನದ ಮನೆಯಿಂದ ಬಂದ ಹುಡುಗನಿಗೆ ಇದಕ್ಕಿಂತ ಬೆರಗಿನ ಪಾಠ ಬೇರೊಂದಿಲ್ಲ. ಅವನ ಹೊಲದಲ್ಲಿ ಸವುಳು ಕಾಣಿಸಿಕೊಂಡರೆ ಅದು ಹೊಲ ಸತ್ತ ಲಕ್ಷಣ. ಇಲ್ಲಿ ಸವುಳಿನೊಡನೆಯೇ ಬಾಳುವೆ.

2024ರ ಆರಂಭದಲ್ಲಿ ಅಘನಾಶಿನಿಯ ಅಳಿವೆ ರಾಮ್‌ಸಾರ್ ಒಪ್ಪಂದದ ಜೌಗುನೆಲಗಳ ಪಟ್ಟಿಯನ್ನು ಸೇರಿತು. ಅದರ ಜೊತೆಗೇ ಸೇರಿದ ಕರ್ನಾಟಕದ ಬೇರೆ ಎರಡು ಎಡೆಗಳೆಂದರೆ ಗದಗು ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ. ಎರಡೂ ಬಯಲುನಾಡಿನ ಕೆರೆಗಳು. ಅಂಕಸಮುದ್ರದ ಹೆಸರಿನಲ್ಲಿ ಸಮುದ್ರವೇ ಇದೆ. ಕೆರೆಗೆ ‘ಸಮುದ್ರ’ವೆಂದು ಹೆಸರಿಡುವ ರೂಢಿ ಕನ್ನಡನಾಡಿನಲ್ಲಿ ಹಳೆಯದು. ಕಾಣದ ವಸ್ತುವಿನ ಹೆಸರನ್ನು ಕಂಡ ವಸ್ತುವಿಗಿಟ್ಟು ತೃಪ್ತಿಪಟ್ಟ ಜನರ ಪ್ರೀತಿಯನ್ನು ಇದರಲ್ಲಿ ನೋಡಬಹುದು.

ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿಯೂ ಕೌಶಲ ಅದೇ. ಉಬ್ಬರದ ನೀರನ್ನು ಬಾಗಿಲಿನಿಂದ ಒಳಗೆ ತೆಗೆದುಕೊಂಡು, ಪಾತಿಯಿಂದ ಪಾತಿಗೆ ಸಾಗಿಸುತ್ತ, ಬಿಸಿಲಿಗೂ ಗಾಳಿಗೂ ಒಪ್ಪಿಸುತ್ತಾರೆ. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಹತ್ತು ಲೀಟರಿನ ಒಂದು ಕೊಡ ಬತ್ತಿದರೆ ಮೂರೂವರೆ ನೂರು ಗ್ರಾಂ. ಬೇಸಗೆಯ ಬಿಸಿಲಿನಲ್ಲಿ ಪಾತಿಯ ತಳದಲ್ಲಿ ಹರಳುಗಟ್ಟಿದ್ದನ್ನು ಬಳಿದು ರಾಶಿ ಹಾಕುತ್ತಾರೆ. ಮೋಟಾರು ಬಾರದ ಕಾಲದಲ್ಲಿ ಈ ಸೀಮೆಯ ಉಪ್ಪು ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಹತ್ತುತ್ತಿತ್ತು. ಮೇಲಿನಿಂದ ಕಾಳುಕಡಿ ಇಳಿಯುತ್ತಿತ್ತು. ಕಡಲನ್ನು ಕಾಣದ ಅಜ್ಜಿಯೂ ದಿನಕ್ಕೆರಡು ಸಲ ಅದರ ರುಚಿಯನ್ನು ಬಲ್ಲವಳಾಗಿದ್ದಳು. ಅಲ್ಲಮಪ್ರಭುದೇವರ ವಚನವೊಂದರಲ್ಲಿ ಬೆಟ್ಟದ ನೆಲ್ಲಿಗೂ ಕಡಲಿನ ಉಪ್ಪಿಗೂ ಇರುವ ನಂಟಿನ ಪ್ರಶ್ನೆಯಿದೆ. ಗುಹೇಶ್ವರನಿಗೂ ತನಗೂ ಇರುವ ಸಂಬಂಧವನ್ನು ಪ್ರಭು ಅಲ್ಲಿ ಬೆರಗಿನಿಂದ ಕೇಳುತ್ತಾರೆ. ತರಗತಿಯಲ್ಲಿ ಇದು ದೃಷ್ಟಾಂತವೆಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ದೇವಿಮನೆಯ ನೆಲ್ಲಿಯನ್ನು ಬೆಳಿಗ್ಗೆ ಕಂಡು, ಮೂರು ಗಳಿಗೆಯಲ್ಲಿ ಸಾಣಿಕಟ್ಟಾದ ಉಪ್ಪನ್ನು ಅಂಗೈಯಲ್ಲಿ ಹಿಡಿದ ಮಗುವಿಗೆ ವ್ಯಾಖ್ಯಾನ ಬೇಕಾಗಿಲ್ಲ. ಎರಡರ ನಡುವೆ ಎಷ್ಟು ಇಳಿಜಾರು, ಎಷ್ಟು ಕಾಡು ಇದೆಯೆಂಬುದನ್ನು ಅದರ ಕಿವಿಯೂ ಹೊಟ್ಟೆಯೂ ಬಲ್ಲವು.

ಹಾವೇರಿ ಜಿಲ್ಲೆಯ ಮಕ್ಕಳಿಗೆ ಉಪ್ಪಿನ ರಾಶಿಯ ಮುಂದೆ ಹೇಳಬೇಕಾದ ಮತ್ತೊಂದು ಕಥೆಯಿದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರು, 1930ರ ಮಾರ್ಚ್ 12ರಂದು ಗಾಂಧೀಜಿಯವರ ಹಿಂದೆ ಸಾಬರಮತಿಯಿಂದ ಹೊರಟ ತಂಡದಲ್ಲಿದ್ದರು. ಆ ತಂಡದಲ್ಲಿ ಕರ್ನಾಟಕದವರು ಅವರೊಬ್ಬರೇ. ಆಗ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ. ಸುಮಾರು 385 ಕಿಲೋಮೀಟರ್ ನಡೆದು ದಂಡಿಯ ಕಡಲನ್ನು ಸೇರಿದ್ದು ಏಪ್ರಿಲ್ ಮೊದಲ ವಾರದಲ್ಲಿ. ಅದೇ ತಿಂಗಳ 13ರಂದು ಅಂಕೋಲೆಯಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ಆರಂಭವಾಯಿತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಈ ವೀರನ ಹೆಸರನ್ನು ಮಕ್ಕಳು ಬಲ್ಲರು, ಪ್ರತಿಮೆಯನ್ನೂ ಕಂಡಿರುತ್ತಾರೆ. ಅವರದೇ ಸೀಮೆಯ ಹುಡುಗನೊಬ್ಬನು ಒಂದು ಹಿಡಿ ಉಪ್ಪಿಗಾಗಿ ಕಡಲವರೆಗೆ ನಡೆದನೆಂಬುದು ಮನಸ್ಸಿಗೆ ಇಳಿಯುವುದು ಆ ಹಿಡಿ ಉಪ್ಪು ಕೈಯಲ್ಲಿರುವಾಗ.

ಅಲ್ಲಿಂದ ದಂಡೆಗೆ. ಶರಣರು ತೀರ್ಥಸ್ನಾನದಿಂದ ಪುಣ್ಯವುಂಟೆಂಬುದನ್ನು ಒಪ್ಪಿದವರಲ್ಲ. ಆದುದರಿಂದ ಮಠದ ಶಾಲೆಯ ಮಕ್ಕಳು ಇಲ್ಲಿಗೆ ಬರುವುದು ಮುಳುಗೇಳುವುದಕ್ಕಲ್ಲ, ಅರಿಯುವುದಕ್ಕೆ. ಮೊದಲ ನೋಟಕ್ಕೆ ಮಕ್ಕಳು ಮಾತನಾಡುವುದಿಲ್ಲ. ಆ ಮೌನವನ್ನು ಉಪಾಧ್ಯಾಯರು ಮುರಿಯಬಾರದು. ಆಮೇಲೆ ಹೇಳಬಹುದಾದ ಒಂದು ಮಾತಿದೆ. ‘ಅಪಾರ’ವೆಂದು ಪುಸ್ತಕ ಹೇಳುವ ಈ ನೀರಿನಲ್ಲಿ, ದಡದಲ್ಲಿ ನಿಂತ ಹುಡುಗನ ಕಣ್ಣಿಗೆ ಕಾಣುವುದು ಸುಮಾರು 4 ಕಿಲೋಮೀಟರ್ ಮಾತ್ರ, ಅದರಾಚೆ ನೆಲದ ಗುಂಡು ಅದನ್ನು ಮರೆಮಾಡುತ್ತದೆ. ನವಲಗುಂದದ ಎರೆಹೊಲಗಳ ನಡುವೆ ನಿಂತವನಿಗೂ ದಿಗಂತ ಇದಕ್ಕಿಂತ ಹತ್ತಿರವಲ್ಲ. ಗಾಳಿಗೆ ತೊನೆಯುವ ಬಿಳಿಜೋಳದ ಬಯಲನ್ನು ದಿನವೂ ಕಂಡ ಕವಿಗೆ ತೆರೆಗಳ ಕಲ್ಪನೆ ಕಷ್ಟವಾಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಅವನಿಗೆ ದಕ್ಕದೆ ಹೋಗಬಹುದಾದವು ಸದ್ದು, ವಾಸನೆ, ತೇವ. ‘ಸಮುದ್ರ’ ಶಬ್ದಕ್ಕೆ ವೈಯಾಕರಣರು ಹೇಳುವ ಒಂದು ವ್ಯುತ್ಪತ್ತಿಯಲ್ಲಿ ತೋಯಿಸುವುದೆಂಬ ಅರ್ಥದ ಧಾತುವಿದೆ. ಚೆನ್ನಾಗಿ ತೋಯಿಸುವುದೇ ಸಮುದ್ರ. ಮೊಣಕಾಲವರೆಗೆ ಹೋಗಿ ಎದೆಯವರೆಗೆ ನೆನೆದು ಬಂದ ಮಕ್ಕಳಿಗೆ ಈ ನಿರುಕ್ತಿಯನ್ನು ಹೇಳಿದರೆ ನಗುತ್ತಾರೆ, ಮರೆಯುವುದಿಲ್ಲ.

ದಂಡೆಯಲ್ಲಿ ಹರಿಕಂತ್ರರೂ ಖಾರ್ವಿಗಳೂ ಅಂಬಿಗರೂ ಬಲೆ ಬಿಡಿಸುತ್ತ ಕುಳಿತಿರುತ್ತಾರೆ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವುದು ಕಾಯಕದ ಪಾಠ ಓದಿದ ಮಕ್ಕಳಿಗೆ ಒಪ್ಪುವುದಲ್ಲ. ವಚನಕಾರರಲ್ಲಿ ನಿಷ್ಠುರ ಮಾತಿಗೆ ಹೆಸರಾದ ಚೌಡಯ್ಯನವರು ಅಂಬಿಗರೇ. ತುಂಗಭದ್ರೆಯ ದಡದ ಚೌಡದಾನಪುರ ಅವರ ಹೆಸರನ್ನು ಹೊತ್ತಿದೆ. ಕಡಲಿನ ವಿದ್ಯೆಯನ್ನು ಕೇಳಬೇಕಾದರೆ ಇವರನ್ನೇ ಕೇಳಬೇಕು. ನೀರು ಎಷ್ಟು ಹೊತ್ತಿಗೆ ಏರುತ್ತದೆಯೆಂದರೆ ಅವರು ಗಡಿಯಾರವನ್ನಲ್ಲ, ತಿಥಿಯನ್ನು ನೆನೆಯುತ್ತಾರೆ.

ಚಂದ್ರೋದಯಕ್ಕೆ ಕಡಲು ಉಕ್ಕುತ್ತದೆಯೆಂಬುದು ಪ್ರಸಿದ್ಧ ಕವಿಸಮಯ. ಚಂದ್ರನಿಗೂ ಕಡಲಿಗೂ ಸಂಬಂಧವನ್ನು ಹೇಳಿದುದರಲ್ಲಿ ಕವಿಗಳು ತಪ್ಪಲಿಲ್ಲ. ಆದರೆ ಚಂದ್ರನು ಮೂಡಿದ ಗಳಿಗೆಯಲ್ಲಿಯೇ ನೀರು ತುಂಬುವುದಿಲ್ಲ. ಅವನು ಮೇಲೇರಿ ಹೋದ ಎಷ್ಟೋ ಹೊತ್ತಿನ ಮೇಲೆ ತುಂಬುತ್ತದೆ. ಅದೂ ದಿನಕ್ಕೊಂದು ಸಲವಲ್ಲ. ಕನ್ನಡ ಕರಾವಳಿಯಲ್ಲಿ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಬ್ಬರ, ನಡುವೆ ಇಳಿತ. ಚಂದ್ರನು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಮೂಡುವಂತೆ ಉಬ್ಬರವೂ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಕೆಯೂ ಹೆಚ್ಚು, ಇಳಿಕೆಯೂ ಹೆಚ್ಚು. ಅಷ್ಟಮಿಯ ಸುಮಾರಿಗೆ ಎರಡೂ ಮಿತ. ಯಾತ್ರೆಯ ದಿನವನ್ನು ಗೊತ್ತುಮಾಡುವಾಗ ರಜೆಯ ಪಟ್ಟಿಯ ಜೊತೆಗೆ ಪಂಚಾಂಗವನ್ನೂ ತೆರೆಯುವುದು ಇದಕ್ಕಾಗಿ. ಮುಹೂರ್ತಕ್ಕೆಂದು ಪಂಚಾಂಗ ನೋಡುವವರು ಬಹಳ ಜನ. ಉಬ್ಬರಕ್ಕೆಂದು ನೋಡುವ ಉಪಾಧ್ಯಾಯರು ಇನ್ನೂ ಬೇಕಾಗಿದ್ದಾರೆ.

ಕೆರೆಯ ಅಳತೆ ಕಡಲಿನಲ್ಲಿ ಪ್ರಾಣಕ್ಕೆ ಎರವಾಗುವುದು ಇಲ್ಲಿಯೇ. 2024ರ ಡಿಸೆಂಬರ್ 10ರಂದು ಭಟ್ಕಳ ತಾಲ್ಲೂಕಿನ ಮುರುಡೇಶ್ವರದ ಕಡಲಿನಲ್ಲಿ, ಪ್ರವಾಸಕ್ಕೆಂದು ಬಂದಿದ್ದ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಕೋಲಾರವೂ ಕೆರೆಗಳ ನಾಡು. ಕೆರೆಯಲ್ಲಿ ಅಲುಗದ ನೀರು ನಿರಪಾಯದ ಗುರುತು. ಕಡಲಿನಲ್ಲಿ ಅದು ತಿರುಗುಮುರುಗು. ತೆರೆಗಳು ಸಾಲಾಗಿ ಒಡೆಯುತ್ತಿರುವ ದಂಡೆಯಲ್ಲಿ ನಡುವೆ ಒಂದೆಡೆ ಮಾತ್ರ ನೊರೆಯಿಲ್ಲದೆ, ಬಣ್ಣ ಕಪ್ಪಾಗಿ, ನೀರು ಶಾಂತವಾಗಿದ್ದಂತೆ ತೋರಬಹುದು. ದಡಕ್ಕೆ ಬಂದ ನೀರೆಲ್ಲ ಒಟ್ಟುಗೂಡಿ ಒಳಕ್ಕೆ ಹಿಂತಿರುಗುವ ದಾರಿ ಸಾಮಾನ್ಯವಾಗಿ ಅದೇ. ಒಳನಾಡಿನಿಂದ ಬಂದವರು ತೆರೆಗೆ ಅಂಜಿ ಸರಿಯಾಗಿ ಆ ಜಾಗವನ್ನೇ ಆರಿಸಿಕೊಳ್ಳುತ್ತಾರೆ. ಕಾಲ ಕೆಳಗಿನ ಮಳಲು ಜಾರುತ್ತದೆ, ಮೊಣಕಾಲಿನ ನೀರು ಒಂದೇ ಹೆಜ್ಜೆಗೆ ಸೊಂಟಕ್ಕೆ ಬರುತ್ತದೆ. ಬಾವಿಯಲ್ಲಿ ಈಜು ಕಲಿತ ಹುಡುಗನಿಗೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅವನಿಗೆ ಧೈರ್ಯವಿದೆ. ಬಾವಿಯ ನೀರು ಅವನನ್ನು ಎಂದೂ ಎಳೆದಿಲ್ಲ. ಸೆಳೆತಕ್ಕೆ ಸಿಕ್ಕವನು ದಡದತ್ತ ಎದುರು ಈಜಿ ಸೋಲುತ್ತಾನೆ. ಸೆಳೆತದ ಅಗಲ ಕಿರಿದಾದುದರಿಂದ ದಡಕ್ಕೆ ಸಮನಾಗಿ ಅಡ್ಡಕ್ಕೆ ಸರಿದು ಅದರಿಂದ ಹೊರಬಿದ್ದು, ಆಮೇಲೆ ತೆರೆಗಳೊಡನೆ ದಡಕ್ಕೆ ಬರುವುದು ಬಲ್ಲವರ ಉಪಾಯ. ಮಕ್ಕಳಿಗೆ ಇದನ್ನು ಮೋಟಾರಿನಲ್ಲಿಯೇ ಹೇಳಿರಬೇಕು. ದಂಡೆಯನ್ನು ಕಂಡ ಮೇಲೆ ಯಾರ ಕಿವಿಯೂ ತೆರೆದಿರುವುದಿಲ್ಲ. ಜೀವರಕ್ಷಕರು ಬೇಡವೆಂದ ಕಡೆ ಇಳಿಯಕೂಡದು, ಮೊಣಕಾಲು ದಾಟಕೂಡದು. ಉಪಾಧ್ಯಾಯರಲ್ಲಿ ಒಬ್ಬರು ಮಾತ್ರ ನೀರಿಗಿಳಿಯದೆ, ಚಿತ್ರ ತೆಗೆಯದೆ, ಕಡಲಿಗೆ ಮುಖಮಾಡಿ ನಿಂತು ತಲೆ ಎಣಿಸುತ್ತಿರಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಯಾತ್ರೆಯ ಮಾತೇ ಬೇಡ. ಇಷ್ಟನ್ನು ಪಾಲಿಸಲಾಗದ ಶಾಲೆ ಮಕ್ಕಳನ್ನು ಕಡಲಿಗೆ ಕರೆದೊಯ್ಯದಿರುವುದೇ ಲೇಸು.

ಮರುದಿನ ಪ್ರಬಂಧ ಬರೆಸುವ ಪದ್ಧತಿಯ ವಿಷಯದಲ್ಲಿಯೂ ಒಂದು ಮಾತು. ‘ನಾನು ಕಂಡ ಸಮುದ್ರ’ ಎಂದು ವಿಷಯ ಕೊಟ್ಟರೆ ಅಪಾರ ಜಲರಾಶಿ, ಗಗನಚುಂಬಿ ಅಲೆಗಳು, ಕೆಂಬಣ್ಣದ ಸೂರ್ಯಾಸ್ತ ಎಲ್ಲ ಉತ್ತರಗಳಲ್ಲಿಯೂ ಬರುತ್ತವೆ. ಯಾತ್ರೆಗೆ ಮೊದಲು ಬರೆಸಿದ್ದರೂ ಬರುತ್ತಿದ್ದವು. ಗಗನಚುಂಬಿ ಅಲೆಯನ್ನು ಅವರಲ್ಲಿ ಯಾರೂ ಕಂಡಿಲ್ಲ. ಬದಲಾಗಿ, ಗಜನಿಯ ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಬೆಳಿಗ್ಗೆ ನೀರು ಎಲ್ಲಿಯವರೆಗೆ ಇತ್ತು, ಮಧ್ಯಾಹ್ನ ಎಲ್ಲಿತ್ತು ಎಂದು ಕೇಳಿದರೆ ಉತ್ತರಗಳು ಬೇರೆಬೇರೆಯಾಗುತ್ತವೆ. ಕೆಲವು ತಪ್ಪಾಗಿಯೂ ಇರುತ್ತವೆ. ಆ ತಪ್ಪುಗಳೂ ಕಡಲನ್ನು ಕಂಡವರ ತಪ್ಪುಗಳಾಗಿರುತ್ತವೆ.

ಸಂಜೆ ನಾಲ್ಕಕ್ಕೆ ಹಿಂತಿರುಗಿದರೆ ಕತ್ತಲಾಗುವುದರೊಳಗೆ ಘಟ್ಟ ಹತ್ತಿ ಮುಗಿಯುತ್ತದೆ. ಮಕ್ಕಳ ಚೀಲಗಳಲ್ಲಿ ಕಪ್ಪೆಚಿಪ್ಪು, ಕರವಸ್ತ್ರದ ಗಂಟಿನಲ್ಲಿ ಸಾಣಿಕಟ್ಟಾದ ಉಪ್ಪು. ಮೈಯ ಮೇಲಿನ ಉಪ್ಪು ಒಣಗಿ ತುರಿಸುತ್ತಿರುತ್ತದೆ. ಹಾನಗಲ್ಲು ದಾಟಿದ ಮೇಲೆ, ಹಾವೇರಿಗೆ ಮೊದಲು, ವರದೆಯ ಸೇತುವೆ ಬರುತ್ತದೆ. ಎಲ್ಲರೂ ನಿದ್ರೆಯಲ್ಲಿರುವ ಹೊತ್ತು ಅದು. ಎಚ್ಚರವಿರುವ ಒಬ್ಬಿಬ್ಬರಿಗೆ ಹೇಳಬಹುದು: ಈ ನೀರು ಅವರು ಈಗ ಕಂಡುಬಂದ ಕಡಲಿಗೆ ಹೋಗುವುದಲ್ಲ. ತುಂಗಭದ್ರೆ, ಕೃಷ್ಣೆಗಳನ್ನು ಕೂಡಿ, ಆಂಧ್ರವನ್ನು ಹಾದು ಮೂಡುಗಡಲಿಗೆ ಹೋಗುವುದು. ಅದನ್ನು ಅವರಲ್ಲಿ ಯಾರೂ ಇನ್ನೂ ಕಂಡಿಲ್ಲ.